ಸೊನ್ನೆ ಬರೆಯೋಕೆ ಬರುತ್ತಾ?

(ಕಾಡಿನ ಸಂಶೋಧನೆಯಲ್ಲಿ ಇಂಟರ್ನ್‌ಶಿಪ್ ಮಾಡುವ ಬಗ್ಗೆ ಶಿವಮೊಗ್ಗದ ಕಾಲೇಜೊಂದರ ವಿಜ್ಞಾನ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಮೊದಲಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ಕಾಳಿಂಗ ಸರ್ಪವನ್ನು ಕಣ್ಣಾರೆ ನೋಡಿದವರು ಎಷ್ಟು ಜನ? ಕೈ ಎತ್ತಿ ನೋಡೋಣ. ಹಿಂದಿನ ಸಾಲಿನಲ್ಲಿ ಜಾಸ್ತಿ ಕೈ ಎದ್ದಿವೆ. ತೀರ್ಥಹಳ್ಳಿ, ಹೊಸನಗರದ ಕಡೆಯವರಿರಬೇಕು. ಒಳ್ಳೆಯದು. ಈಗ ಎರಡನೇ ಪ್ರಶ್ನೆ. ಒಂದು ಗಂಟೆ ತೋಟ ಸುತ್ತಿ ಬಂದು, ಇವತ್ತು ಕಾಳಿಂಗ ಕಾಣಲಿಲ್ಲ ಅಂತ ಪುಸ್ತಕದಲ್ಲಿ ಬರೆದಿಟ್ಟವರು ಎಷ್ಟು ಜನ?

ಒಂದು ಕೈಯೂ ಇಲ್ಲ. ನಗುತ್ತಿದ್ದೀರಿ. ಕಾಣದ್ದನ್ನು ಯಾರಾದರೂ ಬರೆಯುತ್ತಾರಾ ಅಂತ, ಅಲ್ವಾ? ನಾನೂ ಹೀಗೇ ನಗುತ್ತಿದ್ದೆ. ಆಮೇಲೆ ಅದೇ ಕೆಲಸ ಮಾಡಿ ಹೊಟ್ಟೆ ಹೊರೆದುಕೊಂಡೆ.

ಇಂಟರ್ನ್‌ಶಿಪ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ ಅಂತ ನನಗೆ ಗೊತ್ತು. ಜೀಪು, ಟೋಪಿ, ಕುತ್ತಿಗೆಯಲ್ಲಿ ಬೈನಾಕ್ಯುಲರ್, ಎದುರಿಗೆ ಹುಲಿ. ನನ್ನ ಮೊದಲ ಇಂಟರ್ನ್‌ಶಿಪ್ ಎರಡು ತಿಂಗಳದ್ದು. ಕೆಲಸ ಹೇಳುತ್ತೇನೆ ಕೇಳಿ. ಕಾಡಿನೊಳಗೆ ಎರಡು ಕಿಲೋಮೀಟರ್ ಉದ್ದದ ನೇರ ದಾರಿ ಗುರುತು ಮಾಡಿರುತ್ತಾರೆ. ಪುಸ್ತಕದಲ್ಲಿ ಅದಕ್ಕೆ ಟ್ರಾನ್ಸೆಕ್ಟ್ ಅನ್ನುತ್ತಾರೆ, ನಾವು ಸುಮ್ನೆ ಲೈನ್ ಅನ್ನುತ್ತಿದ್ದೆವು. ಬೆಳಿಗ್ಗೆ ಬೆಳಕು ಹರಿಯುವಾಗ ಇಬ್ಬರು ಹೊರಡಬೇಕು. ಮಾತಿಲ್ಲ, ಕೆಮ್ಮಿಲ್ಲ. ದರಗಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಸದ್ದು, ಅದಕ್ಕೆ ಪಾದ ನೋಡಿ ನೋಡಿ ಇಡಬೇಕು. ಪ್ರಾಣಿ ಕಂಡರೆ ನಿಲ್ಲಬೇಕು. ಯಾವುದು, ಎಷ್ಟು, ನಮ್ಮಿಂದ ಎಷ್ಟು ದೂರ, ಯಾವ ಕೋನದಲ್ಲಿ, ಎಷ್ಟು ಗಂಟೆಗೆ ಅಂತ ಬರೆಯಬೇಕು. ದೂರಕ್ಕೆ ರೇಂಜ್‌ಫೈಂಡರ್, ಕೋನಕ್ಕೆ ದಿಕ್ಸೂಚಿ.

ದೂರ ಯಾಕೆ ಬೇಕು? ಹತ್ತಿರ ಇರುವ ಕಡವೆ ಸುಲಭವಾಗಿ ಕಾಣುತ್ತದೆ. ಎಪ್ಪತ್ತು ಮೀಟರ್ ಆಚೆ, ಪೊದೆ ಹಿಂದೆ ನಿಂತದ್ದು ತಪ್ಪಿಹೋಗುತ್ತದೆ. ದೂರ ಹೆಚ್ಚಿದ ಹಾಗೆ ಎಷ್ಟೆಷ್ಟು ತಪ್ಪುತ್ತಾ ಹೋಗುತ್ತದೆ ಅಂತ ಅಂದಾಜು ಸಿಕ್ಕಿದರೆ, ನಮ್ಮ ಕಣ್ಣಿಗೆ ಬೀಳದೆ ಉಳಿದದ್ದು ಎಷ್ಟಿರಬಹುದು ಅಂತ ಲೆಕ್ಕ ಹಾಕಬಹುದು. ಅಂದರೆ ಈ ಇಡೀ ವಿದ್ಯೆ ನಿಂತಿರುವುದೇ ಕಾಣದ್ದರ ಮೇಲೆ.

ನನಗೆ ಅದು ಗೊತ್ತಿರಲಿಲ್ಲ. ಮೊದಲ ವಾರ ಆರು ದಿನ ನಡೆದೆ. ಎರಡು ದಿನ ಏನೋ ಕಂಡಿತು, ಬರೆದೆ. ನಾಲ್ಕು ದಿನ ಏನೂ ಇಲ್ಲ, ಹಾಳೆ ತೆಗೆಯಲೇ ಇಲ್ಲ. ಶನಿವಾರ ನಮ್ಮ ಮೇಡಂ ಹಾಳೆಗಳನ್ನು ತಿರುವಿ ಹಾಕಿ ಕೇಳಿದರು, "ಉಳಿದ ನಾಲ್ಕು ದಿನ ಎಲ್ಲಿಗೆ ಹೋಗಿದ್ದೆ?"

"ಲೈನಿಗೇ ಹೋಗಿದ್ದೆ ಮೇಡಂ. ಏನೂ ಕಾಣಲಿಲ್ಲ."

"ಕಾಣಲಿಲ್ಲ ಅಂತ ಎಲ್ಲಿ ಬರೆದಿದ್ದೀಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ದಿನ ನಡೆದು ಎರಡು ದಿನ ಕಡವೆ ಕಂಡರೆ ಅದೊಂದು ಕಾಡು. ಎರಡೇ ದಿನ ನಡೆದು ಎರಡೂ ದಿನ ಕಡವೆ ಕಂಡರೆ ಅದು ಬೇರೆಯೇ ಕಾಡು. ನನ್ನ ಹಾಳೆ ಎರಡನೆಯ ಕಾಡಿನ ಕಥೆ ಹೇಳುತ್ತಿತ್ತು. ಕಡವೆ ತುಂಬಿ ತುಳುಕುವ ಕಾಡು! ಸುಳ್ಳು ಒಂದಕ್ಷರ ಬರೆದಿರಲಿಲ್ಲ, ಆದರೂ ಇಡೀ ವಾರದ ಲೆಕ್ಕ ಸುಳ್ಳಾಗಿತ್ತು.

ಇನ್ನೊಂದು ಸೂಕ್ಷ್ಮ ಇದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಂ.ಎಸ್ಸಿ. ಮುಗಿಸಿ ಬಂದವರೂ ಇದರಲ್ಲಿ ಎಡವುತ್ತಾರೆ. ಸೊನ್ನೆ ಬೇರೆ, ಖಾಲಿ ಬೇರೆ. ಸೊನ್ನೆ ಅಂದರೆ ನೋಡಿದೆ, ಕಾಣಲಿಲ್ಲ. ಖಾಲಿ ಅಂದರೆ ನೋಡಲೇ ಇಲ್ಲ.

ಕ್ಯಾಮೆರಾ ಟ್ರ್ಯಾಪ್ ತೆಗೆದುಕೊಳ್ಳಿ, ಪ್ರಾಣಿ ಎದುರು ಹಾದುಹೋದರೆ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ. ಇಲ್ಲೇ ಪಕ್ಕದಲ್ಲಿ ಭದ್ರಾ ಇದೆ, 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಂಥ ಕಡೆ ಕಾಡುದಾರಿಯ ಎರಡೂ ಪಕ್ಕಕ್ಕೆ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟುತ್ತಾರೆ. ಹುಲಿಯ ಎಡಮಗ್ಗುಲಿನ ಪಟ್ಟೆ ಬೇರೆ, ಬಲಮಗ್ಗುಲಿನದ್ದು ಬೇರೆ. ಎರಡೂ ಸಿಕ್ಕಿದರೆ ಇದು ಇಂಥದ್ದೇ ಹುಲಿ ಅಂತ ಗಟ್ಟಿಯಾಗಿ ಹೇಳಬಹುದು. ನಮ್ಮ ಬೆರಳಚ್ಚು ಇದ್ದ ಹಾಗೆ. ಇಂಟರ್ನ್ ಕೆಲಸ ಆ ಕ್ಯಾಮೆರಾಗಳ ಬ್ಯಾಟರಿ ಬದಲಿಸುವುದು, ಕಾರ್ಡ್ ತರುವುದು, ರಾತ್ರಿ ಕೂತು ಫೋಟೋ ವಿಂಗಡಿಸುವುದು. ಸಾವಿರ ಫೋಟೋದಲ್ಲಿ ಬಹಳಷ್ಟು ಗಾಳಿಗೆ ಆಡಿದ ಎಲೆ. ಆಮೇಲೆ ಕಾಟಿ, ಜಿಂಕೆ, ಮುಳ್ಳುಹಂದಿ. ಮಧ್ಯೆ ದನ ಹುಡುಕಿಕೊಂಡು ಬಂದವರ ಕಾಲು.

ಒಮ್ಮೆ ಒಂದು ಕ್ಯಾಮೆರಾದಲ್ಲಿ ಒಂಬತ್ತನೇ ದಿನದ ನಂತರ ಒಂದೂ ಫೋಟೋ ಇರಲಿಲ್ಲ. ಜೊತೆಯಲ್ಲಿದ್ದ ಹುಡುಗ ಉಳಿದ ಇಪ್ಪತ್ತೊಂದು ದಿನಕ್ಕೂ ನೀಟಾಗಿ ಸೊನ್ನೆ ತುಂಬಿದ. ಹೋಗಿ ನೋಡಿದರೆ ಕ್ಯಾಮೆರಾ ಒಳಗೆ ಇರುವೆ ಗೂಡು. ಲೆನ್ಸಿನ ಹಿಂದೆ ಬೆಳ್ಳಗೆ ಮೊಟ್ಟೆ ಇಟ್ಟುಕೊಂಡು ಸಂಸಾರ ಹೂಡಿದ್ದವು. ಕ್ಯಾಮೆರಾ ಒಂಬತ್ತನೇ ದಿನವೇ ಕಣ್ಣು ಮುಚ್ಚಿತ್ತು. ಆ ಇಪ್ಪತ್ತೊಂದು ದಿನ ಸೊನ್ನೆ ಅಲ್ಲ, ಖಾಲಿ. ಅಲ್ಲಿ ಗೆರೆ ಎಳೆದು, ಕ್ಯಾಮೆರಾ ಕೆಟ್ಟಿತ್ತು ಅಂತ ಬರೆಯಬೇಕು. ಅದನ್ನು ಸೊನ್ನೆ ಮಾಡಿದರೆ ಆ ದಾರಿಯಲ್ಲಿ ಹುಲಿ ಓಡಾಡುವುದೇ ಇಲ್ಲ ಅಂತ ಕಂಪ್ಯೂಟರ್ ಹೇಳುತ್ತದೆ. ಆ ದಾರಿಯಲ್ಲೇ ರಸ್ತೆ ಅಗಲ ಮಾಡಬಹುದು ಅಂತ ನಾಳೆ ಇನ್ಯಾರೋ ಹೇಳುತ್ತಾರೆ.

2022ರ ಹುಲಿ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ ಅಂತ ಪೇಪರಿನಲ್ಲಿ ಓದಿರುತ್ತೀರಿ. ಆ ಒಂದು ಸಂಖ್ಯೆಯ ಹಿಂದೆ ಇಂಥ ಹಾಳೆಗಳೇ ಗುಡ್ಡೆ ಬಿದ್ದಿರುತ್ತವೆ. ಗಾರ್ಡ್, ವಾಚರ್, ವಿದ್ಯಾರ್ಥಿ ತುಂಬಿದ ಹಾಳೆಗಳು.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಇದನ್ನು ಹೇಳದೆ ಹೋದರೆ ನಾನು ನಿಮಗೆ ಬುದ್ಧಿ ಹೇಳುವುದಕ್ಕೆ ಅರ್ಥ ಇಲ್ಲ.

ಜೋಗದಿಂದ ಹೊನ್ನಾವರದ ಕಡೆ ಹೋಗುವ ದಾರಿಯಲ್ಲಿ ಕತ್ತಲೆಕಾನು ಅಂತ ಸಿಗುತ್ತದೆ. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಅಂದರೆ ನಿಮಗೆ ಹೇಳಬೇಕಾಗಿಲ್ಲ. ವರ್ಷವಿಡೀ ನೀರು ಒಸರುವ ಜಾಗ, ಕಾಲಿಟ್ಟರೆ ಮೊಣಕಾಲವರೆಗೆ ಕೆಸರು. ಕೆಸರಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಅದಕ್ಕೆ ಕೆಲವು ಮರದ ಬೇರು ಮಣ್ಣಿನಿಂದ ಮೇಲೆದ್ದು, ಮೊಣಕಾಲು ಮಡಿಸಿದ ಹಾಗೆ ಬಾಗಿ, ಮತ್ತೆ ಒಳಗೆ ಹೋಗುತ್ತದೆ. ಕತ್ತಲಾದ ಮೇಲೆ ನೋಡಿದರೆ ಯಾರೋ ನೂರಾರು ಜನ ಕೆಸರಿನಲ್ಲಿ ಕೂತು ಮೊಣಕಾಲು ಮಾತ್ರ ಹೊರಗಿಟ್ಟ ಹಾಗಿರುತ್ತದೆ. ಇನ್ನು ಕೆಲವು ಮರಕ್ಕೆ ಕಾಂಡದಿಂದಲೇ ಊರುಗೋಲು ಇಳಿದಂಥ ಬೇರು. ಪಶ್ಚಿಮ ಘಟ್ಟದಲ್ಲಿ ಇಂಥ ಜಡ್ಡಿಗಳು ಅಲ್ಲೊಂದು ಇಲ್ಲೊಂದು ತುಂಡು ಉಳಿದಿವೆ, ಅಷ್ಟೆ. ನೀರು ಒಸರುವ ಜಾಗ ತೋಟಕ್ಕೂ ಗದ್ದೆಗೂ ಒಳ್ಳೆಯದು ನೋಡಿ, ನಮ್ಮ ಹಿರಿಯರಿಗೂ ಗೊತ್ತಿತ್ತು.

ಅಂಥ ಒಂದು ಜಡ್ಡಿಯಲ್ಲಿ ಮರಗಳ ಸುತ್ತಳತೆ ತೆಗೆಯುವ ಕೆಲಸ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಟೇಪು ಸುತ್ತಿ ಅಳೆಯಬೇಕು. ಊರುಗೋಲು ಬೇರಿನ ಮರಕ್ಕೆ ಹಾಗೆ ಅಳೆದರೆ ಆಗದು, ಬೇರು ಮುಗಿದು ಕಾಂಡ ಶುರುವಾದ ಮೇಲೆ ಅಳೆಯಬೇಕು. ಅಂದರೆ ಬೇರಿನ ಮೇಲೆ ಹತ್ತಿ ನಿಲ್ಲಬೇಕು. ಮಳೆ. ಟೇಪಿನಲ್ಲಿ ಇಂಬಳ, ಅಂದರೆ ಜಿಗಣೆ. ಕನ್ನಡಕದ ಮೇಲೆ ಹಬೆ. ನಾಲ್ಕನೇ ದಿನ ನನಗೆ ಸಾಕಾಯಿತು. ಹತ್ತಿರದ ಮರ ಅಳೆದೆ. ಒಳಗಿನ ಮೂವತ್ತು ಮರಗಳಿಗೆ ದೂರದಿಂದಲೇ ಕಣ್ಣಂದಾಜಿನಲ್ಲಿ ಸುತ್ತಳತೆ ಹಾಕಿ, ಬಸ್ ಸ್ಟಾಪಿನ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಹಾಳೆ ತುಂಬಿದೆ.

ಮೇಡಂ ಹಾಳೆ ನೋಡಿದರು. ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದರು, "ಈ ಮರಗಳೆಲ್ಲ ಐದರ ಮಗ್ಗಿ ಬಾಯಿಪಾಠ ಮಾಡಿಕೊಂಡು ಬೆಳೆದಿವೆಯಾ?"

ನೋಡಿದರೆ 45, 60, 85, 110, 75. ಮೂವತ್ತು ಮರವೂ ಐದಕ್ಕೋ ಸೊನ್ನೆಗೋ ಮುಗಿದಿತ್ತು. ಕಣ್ಣಂದಾಜು ಯಾವಾಗಲೂ ಹಾಗೇ. ಮನುಷ್ಯನ ತಲೆಗೆ 73 ಅನ್ನುವುದು ತಾನಾಗಿ ಹೊಳೆಯುವುದಿಲ್ಲ. ಮರಕ್ಕೆ ಹೊಳೆಯುತ್ತದೆ! ಇನ್ನೊಂದು ಸಾಕ್ಷಿಯೂ ಇತ್ತು. ಉಳಿದ ಹಾಳೆಗಳು ಮಳೆಗೆ ನೆನೆದು ಒಣಗಿ ಹಪ್ಪಳ ಆಗಿದ್ದವು. ಆ ಹಾಳೆ ಮಾತ್ರ ಗರಿಗರಿ, ಒಂದು ಮೂಲೆಯಲ್ಲಿ ಚಹಾದ ಉಂಗುರ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗಲಿಲ್ಲ ಅಂತ ಬರೆದಿದ್ದರೆ ನಾಳೆ ಇನ್ನೊಬ್ಬರನ್ನು ಕಳಿಸುತ್ತಿದ್ದೆ. ಈಗ ನೀನು ತಂದ ಎಲ್ಲ ಹಾಳೆಯನ್ನೂ ನಾನು ಮತ್ತೆ ನೋಡಬೇಕು" ಅಂದರು. ಮೂರು ದಿನ ಮತ್ತೆ ಹೋಗಿ ಅಷ್ಟೂ ಮರ ಅಳೆದೆ, ಸರಿಯಾಗಿ ಅಳೆದಿದ್ದವನ್ನೂ ಸೇರಿಸಿ.

ಅದಕ್ಕೇ ಹೇಳುತ್ತೇನೆ, ಕಾಡಿಗೆ ಪೆನ್ಸಿಲ್ ತೆಗೆದುಕೊಂಡು ಹೋಗಿ. ಪೆನ್ನಿನ ಶಾಯಿ ನೆನೆದರೆ ನದಿ ಹರಿದ ಹಾಗೆ ಹರಿದುಹೋಗುತ್ತದೆ, ಜೆಲ್ ಪೆನ್ ಅಂತೂ ಕೇಳಲೇಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿ ಪೆನ್ಸಿಲ್ ಒಂದೇ ದೇವರು. ತಪ್ಪು ಬರೆದರೆ ರಬ್ಬರ್ ಹಾಕಿ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಮೊದಲು ಏನು ಬರೆದಿದ್ದಿರಿ ಅನ್ನುವುದೂ ಕಾಣುತ್ತಿರಲಿ.

ಕತ್ತಲೆಕಾನಿನ ಮಾತು ಬಂತು, ಸ್ವಲ್ಪ ದಾರಿ ತಪ್ಪುತ್ತೇನೆ. ಅಲ್ಲಿ 2000ದಲ್ಲಿ ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರಕ್ಕೆ ವಿಜ್ಞಾನಿಗಳು ಹೊಸದಾಗಿ ಹೆಸರಿಟ್ಟರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ. ನಮ್ಮ ಕತ್ತಲೆಕಾನು ಲ್ಯಾಟಿನ್ ಆಗಿಬಿಟ್ಟಿತು. ಅದೇ ಶರಾವತಿ ಕಣಿವೆಯ ಕಡೆಯ ಒಂದು ಕಪ್ಪೆಗೆ 2014ರಲ್ಲಿ ಕುಂಬಾರ ಅಂತ ಹೆಸರಿಟ್ಟರು. ನಿಕ್ಟಿಬ್ಯಾಟ್ರಕಸ್ ಕುಂಬಾರ. ಯಾಕೆ ಗೊತ್ತಾ? ರಾತ್ರಿ ಹೊತ್ತು, ಹಳ್ಳದ ಪಕ್ಕ, ಗಂಡೂ ಹೆಣ್ಣೂ ಮುಂಗಾಲಿನ ಮೇಲೆ ತಲೆಕೆಳಗಾಗಿ ನಿಲ್ಲುತ್ತವೆ. ಹೆಣ್ಣು ಕಡ್ಡಿಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲೆ ಗಂಡು ಹಳ್ಳದಿಂದ ಕೈಯಲ್ಲಿ ಕೆಸರು ಎತ್ತಿ ಎತ್ತಿ ಮೊಟ್ಟೆಗೆ ಮೆತ್ತುತ್ತದೆ. ಗೋಡೆಗೆ ಮಣ್ಣು ಸಾರಿಸಿದ ಹಾಗೆ. ಕುಂಬಾರ ಅನ್ನದೆ ಇನ್ನೇನು ಅನ್ನಬೇಕು? ಇದನ್ನು ಕಂಡುಹಿಡಿಯಲು ಯಾರೋ ರಾತ್ರಿಯೆಲ್ಲ ಹಳ್ಳದಲ್ಲಿ ಟಾರ್ಚ್ ಹಿಡಿದು ಕೂತಿರಬೇಕಲ್ಲ. ಕಪ್ಪೆ ಮಣ್ಣು ಮುಟ್ಟದ ರಾತ್ರಿಗಳು ಎಷ್ಟಿರಬಹುದು ನೀವೇ ಯೋಚಿಸಿ.

ಇನ್ನು ಕಾಳಿಂಗ. 2024ರಲ್ಲಿ ಕಾಳಿಂಗ ಸರ್ಪ ಒಂದೇ ಜಾತಿ ಅಲ್ಲ, ನಾಲ್ಕು ಅಂತ ತೀರ್ಮಾನ ಆಯಿತು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಒಫಿಯೋಫೇಗಸ್ ಕಾಳಿಂಗ. ನಿಮ್ಮ ಅಜ್ಜಿ ಕರೆಯುತ್ತಿದ್ದ ಹೆಸರನ್ನೇ ಈಗ ಪ್ರಪಂಚದ ವಿಜ್ಞಾನಿಗಳೆಲ್ಲ ಬರೆಯಬೇಕು. ಅದಕ್ಕೇ ನಿಮ್ಮ ಹಾಳೆಯಲ್ಲಿ ಒಂದು ಕಾಲಂ ಕನ್ನಡದ ಹೆಸರಿಗೆ ಇಡಿ. ಊರಿನವರು ಏನು ಕರೆದರೋ ಅದನ್ನೇ ಬರೆಯಿರಿ. ಒಂದು ಕಡೆ ಹೆಬ್ಬಲಸು, ಇನ್ನೊಂದು ಕಡೆ ಹೆಸ್ವ, ಮರ ಒಂದೇ. ಗೊಂದಲ ಆಗುತ್ತದೆ, ಆಗಲಿ. ಗೊಂದಲವನ್ನೂ ಬರೆದಿಡಿ.

ಹಾವಿನ ಮಾತು ಬಂದ ಮೇಲೆ ಇದನ್ನು ಹೇಳಲೇಬೇಕು. ಹಾವು ಹಿಡಿಯುವುದು ಸಂಶೋಧನೆ ಅಲ್ಲ. ಬಾಲ ಹಿಡಿದು ರೀಲ್ಸ್ ಮಾಡುವುದಂತೂ ಕಾನೂನಿಗೆ ವಿರುದ್ಧ, ಪ್ರಾಣಕ್ಕೂ ವಿರುದ್ಧ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಅವರು 2005ರಲ್ಲಿ ಶುರು ಮಾಡಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ 2008ರಿಂದ ಕಾಳಿಂಗಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಹಾಕಿ ಹಿಂಬಾಲಿಸುವ ಕೆಲಸ ನಡೆಯಿತು. ಆಂಟೆನಾ ಹಿಡಿದುಕೊಂಡು, ಹಾವಿಗೆ ತೊಂದರೆಯಾಗದಷ್ಟು ದೂರದಲ್ಲಿ, ಅದು ಹೋದಲ್ಲೆಲ್ಲ ಹೋಗುವುದು. ಹಾವು ಬಿಲ ಸೇರಿ ಮಲಗಿದರೆ ನೀವು ಹೊರಗೆ ಕೂತು ಮಲಗಿದೆ, ಮಲಗಿದೆ, ಮಲಗಿದೆ ಅಂತ ಬರೆಯುತ್ತಾ ಇರಬೇಕು. ಈ ಬೇಜಾರಿನ ಕೆಲಸದಿಂದ ಒಂದು ಉಪಯೋಗದ ಸಂಗತಿ ಸಿಕ್ಕಿತು. ಮನೆ ಹತ್ತಿರ ಹಿಡಿದು ದೂರದ ಕಾಡಿಗೆ ಒಯ್ದು ಬಿಟ್ಟ ಕಾಳಿಂಗ, ತನ್ನ ಜಾಗದಲ್ಲೇ ಉಳಿದ ಕಾಳಿಂಗಕ್ಕಿಂತ ತುಂಬ ಜಾಸ್ತಿ ಅಲೆಯುತ್ತದೆ. ಪಾಪ, ಅದಕ್ಕೆ ದಾರಿ ಗೊತ್ತಿಲ್ಲ. ದೂರ ಬಿಟ್ಟು ಬಂದೆ ಅಂತ ನಾವು ಪುಣ್ಯ ಕಟ್ಟಿಕೊಂಡ ಖುಷಿಯಲ್ಲಿರುತ್ತೇವೆ.

ಈಗ ಜನರ ವಿಷಯ. ಕಾಡಿನ ಕೆಲಸ ಅಂದರೆ ಪ್ರಾಣಿ ಜೊತೆ ಮಾತ್ರ ಅಂದುಕೊಂಡು ಬರುವವರು ಜಾಸ್ತಿ. ನಮ್ಮ ಮಲೆನಾಡಿನಲ್ಲಿ ಕಾಡು ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಅಂತ ಹೇಳೋಕೆ ಆಗುತ್ತಾ? ಮನೆ, ಅಂಗಳ, ತೋಟ, ಸೊಪ್ಪಿನಬೆಟ್ಟ, ಬ್ಯಾಣ, ಕಾನು. ಒಂದರ ಬೆನ್ನಿಗೆ ಒಂದು.

ಒಮ್ಮೆ ಮಂಗಟ್ಟೆ ಹಕ್ಕಿಯ ಬಗ್ಗೆ ಮನೆ ಮನೆಗೆ ಹೋಗಿ ಕೇಳುವ ಕೆಲಸ ಇತ್ತು. ಯಾವ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ, ಮೊದಲು ಎಷ್ಟು ಬರುತ್ತಿದ್ದವು, ಇಂಥವು. ಸಾಗರದ ಕಡೆಯ ಒಂದು ಒಂಟಿ ಮನೆ. ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ನನ್ನ ಕೈಯಲ್ಲಿ ಜಿಪಿಎಸ್, ಕ್ಲಿಪ್‌ಬೋರ್ಡ್, ಮೈಮೇಲೆ ಹಸಿರು ಅಂಗಿ. ಮೆಟ್ಟುಗತ್ತಿಯಿಂದ ಕೈ ತೆಗೆಯದೆ ಕೇಳಿದರು, "ನೀವು ಫಾರೆಸ್ಟಿನವರಾ?"

"ಅಲ್ಲ ಅಜ್ಜಿ, ಕಾಲೇಜಿನವನು. ಹಕ್ಕಿ ಬಗ್ಗೆ ಕೇಳಕ್ಕೆ ಬಂದೆ."

"ಹಕ್ಕಿ ಅಂತ ಬರ್ತೀರಿ. ಆಮೇಲೆ ಎಬ್ಬಿಸ್ತೀರಿ."

ಅವರು ಚಿಕ್ಕವರಿದ್ದಾಗ ಲಿಂಗನಮಕ್ಕಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಬಂದವರು. ಅಣೆಕಟ್ಟು 1964ರದ್ದು, ಆದರೆ ಆ ಜಗಲಿಯಲ್ಲಿ ಅದು ನಿನ್ನೆ ಆದ ಹಾಗಿತ್ತು. ನಾನು ಹಾಳೆ ಚೀಲಕ್ಕೆ ಹಾಕಿದೆ. ಆ ದಿನ ಹಕ್ಕಿ ವಿಷಯ ಎತ್ತಲೇ ಇಲ್ಲ. ಅರ್ಧ ಗಂಟೆ ಮುಳುಗಿದ ಊರಿನ ಕಥೆ ಕೇಳಿದೆ, ಕಾಪಿ ಕುಡಿದೆ, ಬಂದೆ. ಎರಡು ವಾರದ ನಂತರ ಅದೇ ದಾರಿಯಲ್ಲಿ ಹೋಗುವಾಗ ಅವರೇ ಕೂಗಿ ಕರೆದರು. "ಬಾ ಮಗಾ, ನಿನ್ನ ಹಕ್ಕಿ ಹಿತ್ತಲ ಮರದಲ್ಲಿ ಕೂತಿದೆ." ಪೊಟರೆಯ ಬಾಯಿ ಮಣ್ಣಿನ ಹಾಗೆ ಮುಚ್ಚಿತ್ತು, ಒಂದು ಸೀಳು ಮಾತ್ರ ಬಿಟ್ಟು. ಒಳಗೆ ಹೆಣ್ಣು ಕಾವಿಗೆ ಕೂತಿದೆ, ಗಂಡು ಹೊರಗಿನಿಂದ ಹಣ್ಣು ಕೊಡುತ್ತದೆ.

ಆ ಗೂಡಿನ ಜಾಗವನ್ನು ನಾನು ಯಾವ ಗ್ರೂಪಿಗೂ ಹಾಕಲಿಲ್ಲ. ನೀವೂ ಹಾಕಬೇಡಿ. ಗೂಡಿನ ಫೋಟೋ, ಲೊಕೇಶನ್ ಸಮೇತ ಇನ್‌ಸ್ಟಾಗ್ರಾಂಗೆ ಹಾಕಿದರೆ ಮುಂದಿನ ಭಾನುವಾರ ಮರದ ಕೆಳಗೆ ಇಪ್ಪತ್ತು ಕ್ಯಾಮೆರಾ ಇರುತ್ತವೆ.

ಹಳ್ಳಿಯಲ್ಲಿ ಇನ್ನೊಂದು ಎಚ್ಚರ ಬೇಕು. ಪರಿಹಾರ ಕೊಡಿಸುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡಿ. ಕಾಟಿ ಗದ್ದೆ ತುಳಿದದ್ದಕ್ಕೆ ನಿಮ್ಮ ಹತ್ತಿರ ಸಹಾನುಭೂತಿ ಇರಬಹುದು, ಅಧಿಕಾರ ಇಲ್ಲ. ಅದನ್ನು ಮೊದಲೇ ಹೇಳಿಬಿಡಿ.

ನಿಮ್ಮ ಜೊತೆ ಕಾಡಿಗೆ ಬರುವ ಸ್ಥಳೀಯ ಸಹಾಯಕರ ಬಗ್ಗೆ ಒಂದು ಮಾತು. ನಾವು ಅಣ್ಣ ಅಂತ ಕರೆಯುತ್ತಿದ್ದ ಒಬ್ಬರಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಲದ್ದಿ ನೋಡಿ, ಮುರಿದು, ಇದು ಕಾಡುಕುರಿಯದ್ದು, ನಿನ್ನೆ ಸಂಜೆಯದ್ದು ಅನ್ನುತ್ತಿದ್ದರು. ಎರಡು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಅವರಿಂದ. ವರದಿ ಅಚ್ಚಾದಾಗ ಅವರ ಹೆಸರು ಎಲ್ಲೂ ಇರಲಿಲ್ಲ. ನನಗೆ ಇವತ್ತಿಗೂ ಅದು ಮುಳ್ಳು. ನೀವು ಮಾಡುವ ಸಣ್ಣ ವರದಿಯಲ್ಲಾದರೂ ಅಂಥವರ ಹೆಸರು ಹಾಕಿ. ಅವರ ಕೂಲಿ ಸರಿಯಾಗಿ ಬರುತ್ತಿದೆಯಾ ಅಂತಲೂ ಕೇಳಿ.

ಆರೋಗ್ಯದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಬಳ ನೋಡಿ ಕಿರುಚಬೇಡಿ. ಸ್ವಲ್ಪ ರಕ್ತ ಕುಡಿದು ಬಿದ್ದುಹೋಗುತ್ತದೆ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡರೆ ಹತ್ತುವುದೂ ಕಡಿಮೆ. ನಮ್ಮ ಕಡೆ ಭಯ ಪಡಬೇಕಾದ್ದು ಉಣುಗಿಗೆ, ಅಂದರೆ ಉಣ್ಣೆಗೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಅಲ್ಲಿಂದ ಜಗತ್ತಿಗೆ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಪರಿಚಯ ಆಯಿತು. ಆ ವೈರಸ್ಸಿಗೆ ನಮ್ಮೂರಿನ ಹೆಸರೇ ಇದೆ. ಮಳೆಗಾಲ ಮುಗಿದು ಬೇಸಿಗೆಯವರೆಗೆ ಉಣುಗಿನ ಕಾಟ. ಮರಿ ಉಣುಗು ಸಾಸಿವೆಗಿಂತ ಸಣ್ಣದು, ಕಾಣುವುದೇ ಇಲ್ಲ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ದರಗಿನ ಮೇಲೆ ಕೂರಬೇಡಿ. ಉಣುಗು ಹತ್ತದ ಹಾಗೆ ಆರೋಗ್ಯ ಕೇಂದ್ರದವರು ಕೊಡುವ ಡೆಪಾ ಎಣ್ಣೆ ಹಚ್ಚಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಫೋನ್ ಮಾಡಿ ತಿಳಿಸಿ. ಕಾಡಿನಿಂದ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಕಾಡಿಗೆ ಹೋಗಿದ್ದೆ ಅಂತ ಹೇಳಿ.

ಅಂದ ಹಾಗೆ ಉಣುಗು ಎಣಿಸುವ ಕೆಲಸಕ್ಕೂ ಇಂಟರ್ನ್‌ಗಳು ಬೇಕಾಗುತ್ತಾರೆ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ದರಗಿನ ಮೇಲೆ ಎಳೆಯುತ್ತಾರೆ. ಉಣುಗು ಬಟ್ಟೆಗೆ ಹತ್ತುತ್ತದೆ, ಚಿಮಟದಿಂದ ತೆಗೆದು ಸೀಸೆಗೆ ಹಾಕಿ ಎಣಿಸುತ್ತಾರೆ. ಬಟ್ಟೆ ಬೆಳ್ಳಗೇ ಬಂದರೆ? ಸರಿಯಾಗಿ ಹೇಳಿದಿರಿ. ಸೊನ್ನೆ.

ಎಲ್ಲಿ ಕೇಳಬೇಕು ಅಂತ ನಿಮ್ಮ ಪ್ರಶ್ನೆ ಇದ್ದೇ ಇದೆ. ಹತ್ತಿರದಿಂದ ಶುರು ಮಾಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಶಿರಸಿಯ ಅರಣ್ಯ ಕಾಲೇಜು, ಆಗುಂಬೆಯ ಕೇಂದ್ರಗಳು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಬೆಂಗಳೂರಿನಲ್ಲಿ ಪರಿಸರ ಸಂಶೋಧನೆಯ ಏಟ್ರೀ, ಜೀವವಿಜ್ಞಾನದ ಎನ್‌ಸಿಬಿಎಸ್, ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ. ಹೊರಗೆ ಕೊಯಮತ್ತೂರಿನ ಸಲೀಂ ಅಲಿ ಪಕ್ಷಿ ಅಧ್ಯಯನ ಕೇಂದ್ರ, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ. ಸಂಸ್ಥೆಗೆ ಬರೆಯುವುದಕ್ಕಿಂತ ಅಲ್ಲಿ ಕೆಲಸ ಮಾಡುತ್ತಿರುವ ಸಂಶೋಧಕರಿಗೆ ನೇರ ಬರೆಯಿರಿ. ಪಿಎಚ್‌ಡಿ ಮಾಡುತ್ತಿರುವವರಿಗೆ ಯಾವಾಗಲೂ ಎರಡು ಕೈ ಕಡಿಮೆ ಇರುತ್ತದೆ.

ದುಡ್ಡಿನ ವಿಷಯ ಕೇಳಲು ನಾಚಿಕೆ ಬೇಡ. ತುಂಬ ಕಡೆ ಸಂಬಳ ಇಲ್ಲ. ನನ್ನ ಪ್ರಕಾರ ಅದು ಸರಿ ಅಲ್ಲ, ಯಾಕೆಂದರೆ ಮನೆಯಿಂದ ದುಡ್ಡು ತರಬಲ್ಲವರು ಮಾತ್ರ ಕಾಡಿನ ವಿಜ್ಞಾನ ಕಲಿಯುವ ಹಾಗಾಗುತ್ತದೆ. ಕನಿಷ್ಠ ಊಟ, ವಸತಿ, ಬಸ್ಸಿನ ಖರ್ಚು ಕೊಡುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ಹೆಣ್ಣುಮಕ್ಕಳು ಎಲ್ಲಿ ಉಳಿಯುವುದು, ಶೌಚಾಲಯ ಇದೆಯಾ, ಜೊತೆಗೆ ಯಾರಿರುತ್ತಾರೆ, ಫೋನ್ ಸಿಗ್ನಲ್ ಸಿಗುತ್ತಾ ಅಂತ ಕೇಳಿ. ಈ ಪ್ರಶ್ನೆಗೆ ಮುಖ ಸಿಂಡರಿಸುವವರ ಹತ್ತಿರ ಹೋಗದಿರುವುದೇ ಲೇಸು. ಇನ್ನು ಕೆಲವರು ನಿಮ್ಮಿಂದಲೇ ಸಾವಿರಾರು ರೂಪಾಯಿ ತೆಗೆದುಕೊಂಡು, ನಾಲ್ಕು ದಿನ ರೆಸಾರ್ಟಿನಲ್ಲಿ ಇರಿಸಿ, ಸಫಾರಿ ಮಾಡಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ನನ್ನ ತಂಗಿ ಮಗನೇ ಹೋಗಿ ಬಂದ. ಹಾಳೆ ತೋರಿಸೋ ಅಂದರೆ ಅವನ ಹತ್ತಿರ ಸೆಲ್ಫಿ ಇತ್ತು. ಅದನ್ನು ಪ್ರವಾಸ ಅನ್ನಿ, ತಪ್ಪಿಲ್ಲ. ಇಂಟರ್ನ್‌ಶಿಪ್ ಅನ್ನಬೇಡಿ.

ಅನುಮತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅಧ್ಯಯನಕ್ಕೆ ಹೋಗಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಸೆಕ್ಷನ್ 28. ಅದು ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ನಿಮ್ಮ ಗೈಡ್ ಹತ್ತಿರ ಆ ಪತ್ರ ಇದೆಯಾ, ಅದರಲ್ಲಿ ನಿಮ್ಮ ಹೆಸರು ಸೇರಿದೆಯಾ ಅಂತ ನೋಡಿಕೊಳ್ಳಿ. ಈಗ ಜುಲೈ. ಡಿಸೆಂಬರಿನಲ್ಲಿ ಹೋಗಬೇಕು ಅಂದರೆ ಪತ್ರ ಬರೆಯಲು ಇದೇ ಹೊತ್ತು.

ಪತ್ರದಲ್ಲಿ ದಯವಿಟ್ಟು ಚಿಕ್ಕಂದಿನಿಂದಲೂ ಪ್ರಾಣಿಗಳೆಂದರೆ ಪ್ರೀತಿ ಅಂತ ಬರೆಯಬೇಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ. ನನಗೆ ಬಂದ ಪತ್ರಗಳಲ್ಲಿ ನೆನಪಿರುವುದು ಒಂದೇ. ಕೊಪ್ಪದ ಕಡೆಯ ಹುಡುಗಿ, ಇಂಗ್ಲಿಷ್ ಅಷ್ಟಕ್ಕಷ್ಟೆ. ಮನೆ ಹಿಂದಿನ ಹಲಸಿನ ಮರವನ್ನು ಪ್ರತಿ ಭಾನುವಾರ ನೋಡಿ ಎಂಟು ತಿಂಗಳು ಬರೆದಿಟ್ಟ ನೋಟ್‌ಬುಕ್ಕಿನ ಫೋಟೋ ಕಳಿಸಿದ್ದಳು. ಚಿಗುರು, ಹೂ, ಮಿಡಿ, ಹಣ್ಣು ಅಂತ ಕಾಲಂ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ, ಅದರಲ್ಲಿ ಯಾರು ಬೇಕಾದರೂ ಹೀಗೆ ಮರ ನೋಡಿ ಬರೆಯಬಹುದು. ಅವಳ ಪುಸ್ತಕದಲ್ಲಿ ಎಷ್ಟೋ ವಾರ ಎಲ್ಲ ಕಾಲಮ್ಮಿಗೂ ಸೊನ್ನೆ. ಎರಡು ಭಾನುವಾರ ಮಾತ್ರ ಗೆರೆ ಎಳೆದು, ಅಕ್ಕನ ಮದುವೆ, ನೋಡಲಿಲ್ಲ ಅಂತ ಬರೆದಿದ್ದಳು. ಅವಳಿಗೆ ಆ ವ್ಯತ್ಯಾಸ ಯಾರೂ ಹೇಳಿಕೊಟ್ಟಿರಲಿಲ್ಲ. ಆ ದಿನವೇ ಫೋನ್ ಮಾಡಿ ಬಾ ಅಂದೆ.

ಕೊನೆಯದಾಗಿ, ನಿಮ್ಮಲ್ಲಿ ಆಸಕ್ತಿ ಇದ್ದವರಿಗೆ ಮುಂದಿನ ಭಾನುವಾರ ಒಂದು ಕೆಲಸ ಇದೆ. ತೀರ್ಥಹಳ್ಳಿ ದಾರಿಯಲ್ಲಿ ಮಂಡಗದ್ದೆ ಎಲ್ಲರಿಗೂ ಗೊತ್ತು. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಮಾಡುವ ಕಾಲ ಇದು. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿರುತ್ತೀರಿ. ಈ ಸಲ ದಡದಲ್ಲಿ ನಿಂತು ಗೂಡು ಎಣಿಸೋಣ. ಇಬ್ಬಿಬ್ಬರ ಜೋಡಿ, ಆದರೆ ಒಬ್ಬರ ಹಾಳೆ ಇನ್ನೊಬ್ಬರು ನೋಡುವ ಹಾಗಿಲ್ಲ. ಎಣಿಸಿ ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಒಂದೇ ಸಂಖ್ಯೆ ಬರುವುದಿಲ್ಲ, ಈಗಲೇ ಹೇಳುತ್ತೇನೆ. ಯಾಕೆ ಬರಲಿಲ್ಲ ಅಂತ ಅಲ್ಲೇ ಮಾತಾಡೋಣ. ಹೊಳೆ ಏರಿ ದಡಕ್ಕೆ ಹೋಗಲು ಆಗದಿದ್ದರೆ ವಾಪಸ್ ಬರೋಣ, ಹಾಳೆಯಲ್ಲಿ ಗೆರೆ ಎಳೆಯೋಣ.

ಬೆಳಿಗ್ಗೆ ಆರೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಸೇರೋಣ. ಕೊಡೆ ತನ್ನಿ, ಬುತ್ತಿ ತನ್ನಿ. ಪೆನ್ಸಿಲ್ ಎರಡು ಇರಲಿ, ಒಂದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ.